ಹೊರಹಾಕಿದವನೇ ‘ಬಿಟ್ಟುಹೋದಳು’ ಅಂದರೆ?

ಶೃಂಗೇರಿ ಕಡೆಯ ಒಂದು ಮನೆ ಅಂದುಕೊಳ್ಳಿ. ಅಡಕೆ ಕೊಯ್ಲಿನ ಹೊತ್ತಲ್ಲಿ ಗಂಡ ಹೊಡೆದು, ಹೆಂಡತಿಯ ಬಟ್ಟೆಬರೆ ಅಂಗಳಕ್ಕೆ ಎಸೆದ. ಅವಳು ಕೊಪ್ಪದ ತವರಿಗೆ ಬಂದಳು. ಎರಡು ವರ್ಷ ಕಳೆದ ಮೇಲೆ ಅವನೇ ಕೋರ್ಟಿಗೆ ಹೋಗಿ, ‘ಬಿಟ್ಟುಹೋದಳು, ವಿಚ್ಛೇದನ ಕೊಡಿ’ ಅಂತಾನೆ. ಸಿಗುತ್ತಾ?

ಅವನೇ ಹೊರಹಾಕಿದ್ದು ಸಾಬೀತಾದರೆ ಸಿಗಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 23ನೇ ಕಲಂ ಪ್ರಕಾರ, ತಾನು ಮಾಡಿದ ತಪ್ಪಿನ ಲಾಭ ತಾನೇ ಪಡೆಯೋ ಹಾಗಿಲ್ಲ. ಅವಳು ಮಾತ್ರ 13ನೇ ಕಲಂ ಅಡಿ ಕ್ರೌರ್ಯದ ಕಾರಣಕ್ಕೆ ವಿಚ್ಛೇದನ ಕೇಳಬಹುದು. 2003ರ ತಿದ್ದುಪಡಿ ಆದಮೇಲೆ, ಹೆಂಡತಿ ತಾನು ವಾಸವಿರೋ ಊರಿನ ವ್ಯಾಪ್ತಿಯ ಕೋರ್ಟಲ್ಲೇ ಅರ್ಜಿ ಹಾಕಬಹುದು. ಗಂಡನ ಊರಿಗೆ ಅಲೆಯಬೇಕಿಲ್ಲ.

‘ಹಿರಿಯರು ಕೂರಿಸಿ ಮಾತಾಡಿಸಿದ್ರು, ಮತ್ತೆ ಒಟ್ಟಿಗೆ ಇದ್ವಿ’ ಅನ್ನೋದು ನಮ್ಮ ಮಲೆನಾಡಲ್ಲಿ ಮಾಮೂಲು. ಇಲ್ಲಿ ಹುಷಾರಾಗಿರಿ. ನಿಜವಾಗಿ ಕ್ಷಮಿಸಿ ಬಾಳಿದ್ದರೆ, ಹಳೇ ಕ್ರೌರ್ಯ ಒಂದನ್ನೇ ಹಿಡಿದು ವಿಚ್ಛೇದನ ಕೇಳೋಕಾಗಲ್ಲ. ಅವನು ಮತ್ತೆ ಕೈ ಎತ್ತಿದರೆ ಹಳೇದೂ ಲೆಕ್ಕಕ್ಕೆ ಬರುತ್ತೆ. 1975ರ ದಾಸ್ತಾನೆ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟವಾಗಿ ಹೇಳಿದೆ.

ಕ್ರೌರ್ಯದ ಹಾಗೇ ಇನ್ನೊಂದು ಕಾರಣ ಅಕ್ರಮ ಸಂಬಂಧ. ಅದು 2018ರಿಂದ ಅಪರಾಧ ಅಲ್ಲ. ಆದರೆ ವಿಚ್ಛೇದನಕ್ಕೆ ಈಗಲೂ ಕಾರಣವೇ.

ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಎಲ್ಲೇ ಇರಿ ಅಕ್ಕಂದಿರೇ, ಆದಾಯ ಎಷ್ಟಿದ್ದರೂ ಹೆಂಗಸರಿಗೆ ಉಚಿತ ಕಾನೂನು ನೆರವು ಇದೆ. 15100ಕ್ಕೆ ಫೋನ್ ಮಾಡಿ.