ಗಾಲ್ಫ್ ಆಟದಲ್ಲಿ ಹ್ಯಾಂಡಿಕ್ಯಾಪ್ ಲೆಕ್ಕ

ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿರುವ ಮೈಸೂರಿನ ಕುದುರೆಪಂದ್ಯದ ಬಯಲನ್ನು ಶ್ರೋತೃಗಳಲ್ಲಿ ಅನೇಕರು ಬಲ್ಲರು. ಕುದುರೆಗಳ ಓಟದ ದಾರಿಯ ಒಳಗಣ ಹಸುರಿನಲ್ಲಿಯೇ ಗಾಲ್ಫ್ ಆಟವೂ ನಡೆಯುವುದುಂಟು. ಹ್ಯಾಂಡಿಕ್ಯಾಪ್ ಎಂಬ ಮಾತು ಎರಡು ಕಡೆಯೂ ಕೇಳಿಬರುತ್ತದೆ. ರೀತಿ ಮಾತ್ರ ತಿರುಗುಮುರುಗು. ಅಲ್ಲಿ ವೇಗವುಳ್ಳ ಕುದುರೆಯ ಬೆನ್ನಿಗೆ ಹೆಚ್ಚಿನ ಭಾರವನ್ನು ಹೇರುತ್ತಾರೆ. ಗಾಲ್ಫಿನಲ್ಲಾದರೋ ಬಲ್ಲವನಿಗೆ ಭಾರವಿಲ್ಲ. ಅಷ್ಟಾಗಿ ಬಲ್ಲದವನಿಗೆ ಇಷ್ಟು ಹೊಡೆತಗಳೆಂದು ರಿಯಾಯಿತಿ. ಹಲಸಂಗಿಯಲ್ಲಾಗಲಿ ನಮ್ಮ ಮೈಸೂರಿನ ಬೀದಿಯಲ್ಲಾಗಲಿ, ಹುಡುಗರು ಓಟಕ್ಕೆ ನಿಂತಾಗ ಚಿಕ್ಕವನನ್ನು ಹತ್ತು ಮಾರು ಮುಂದೆ ನಿಲ್ಲಿಸುವ ನ್ಯಾಯವೇ ಇದು. ಆದರೆ ಹತ್ತು ಮಾರೇ ಏಕೆ, ಎಂಟೇಕಲ್ಲ? ಇಲ್ಲಿಯೇ ಲೆಕ್ಕ ಬೇಕಾಗುವುದು.

ಗಾಲ್ಫಿನಲ್ಲಿ ಹದಿನೆಂಟು ಕುಳಿಗಳಿಗೆ ಚೆಂಡನ್ನು ಸೇರಿಸಬೇಕು. ಹೊಡೆತಗಳು ಕಡಮೆಯಾದಷ್ಟೂ ಮೇಲು. ಪ್ರತಿ ಬಯಲಿಗೂ ಎರಡು ಅಂಕೆಗಳನ್ನು ಗೊತ್ತುಮಾಡಿರುತ್ತಾರೆ. ರಿಯಾಯಿತಿ ಬೇಡದ ನುರಿತ ಆಟಗಾರನು ಅಲ್ಲಿ ಎಷ್ಟು ಹೊಡೆತಗಳಲ್ಲಿ ಮುಗಿಸಿಯಾನೆಂಬ ಅಂದಾಜು ಕೋರ್ಸ್ ರೇಟಿಂಗ್. ಅಂತಹವನಿಗಿಂತ ಸಾಮಾನ್ಯ ಆಟಗಾರನಿಗೆ ಆ ಬಯಲು ಎಷ್ಟು ಹೆಚ್ಚು ಕಷ್ಟವೆಂಬುದರ ಅಳತೆ ಸ್ಲೋಪ್. ಇದು ೫೫ರಿಂದ ೧೫೫ರವರೆಗೆ ಇರಬಹುದು, ೧೧೩ ಎಂಬುದು ಗೊತ್ತಾದ ಮಟ್ಟ.

ರೇಟಿಂಗ್ ೭೧, ಸ್ಲೋಪ್ ೧೨೦ ಇರುವ ಬಯಲಿನಲ್ಲಿ ಒಬ್ಬನು ೯೨ ಹೊಡೆತಗಳಲ್ಲಿ ಆಟ ಮುಗಿಸಿದನೆನ್ನೋಣ. ೯೨ರಲ್ಲಿ ೭೧ ಕಳೆದರೆ ೨೧. ಅದನ್ನು ೧೧೩ರಿಂದ ಗುಣಿಸಿ ೧೨೦ರಿಂದ ಭಾಗಿಸಿದರೆ ೧೯.೮, ಅದು ಆ ದಿನದ ಅಂಕೆ. ಹೀಗೆ ದೊರೆತ ಕಡೆಯ ೨೦ ಅಂಕೆಗಳಲ್ಲಿ ಅತ್ಯುತ್ತಮವಾದ ೮ನ್ನು ಮಾತ್ರ ಆಯ್ದು ಸರಾಸರಿ ತೆಗೆದರೆ ಆಟಗಾರನ ಹ್ಯಾಂಡಿಕ್ಯಾಪ್ ಇಂಡೆಕ್ಸ್ ಬರುವುದು. ಆದುದರಿಂದ ಇದು ಅವನ ನಿತ್ಯದ ಆಟದ ಅಳತೆಯಲ್ಲ, ಚೆನ್ನಾಗಿ ಆಡಿದ ದಿನದ ಅಳತೆ. ಇದನ್ನರಿಯದೆ, ಹ್ಯಾಂಡಿಕ್ಯಾಪಿಗೆ ತಕ್ಕಂತೆ ಆಡಲಾಗಲಿಲ್ಲವೆಂದು ವಾರವಾರವೂ ಕೊರಗುವ ಮಹನೀಯರು ಬಹಳ ಮಂದಿ.

ಈ ಇಂಡೆಕ್ಸು ಬಯಲಿನಿಂದ ಬಯಲಿಗೆ ಹೊಸ ಬೆಲೆ ಪಡೆಯುತ್ತದೆ. ೧೮ರ ಇಂಡೆಕ್ಸ್ ಉಳ್ಳವನಿಗೆ ಸ್ಲೋಪ್ ೧೨೦ರ ಬಯಲಿನಲ್ಲಿ ೧೯ ಹೊಡೆತಗಳು ಸಲ್ಲುವುವು. ೧೦೦ರ ಬಯಲಿನಲ್ಲಿ ೧೬ ಮಾತ್ರ. ರೇಟಿಂಗಿಗೂ ಪಾರ್ ಎಂಬ ನಿಯತ ಸಂಖ್ಯೆಗೂ ವ್ಯತ್ಯಾಸವಿದ್ದರೆ ಅದನ್ನೂ ಕೂಡಿಸಿ ಕಳೆಯಬೇಕು. ಇಬ್ಬರೇ ಎದುರುಬದುರಾಗಿ ಆಡುವಾಗ ಒಬ್ಬನದು ೭, ಮತ್ತೊಬ್ಬನದು ೧೯ ಆದರೆ, ಎರಡನೆಯವನಿಗೆ ೧೨ ಕುಳಿಗಳಲ್ಲಿ ಒಂದೊಂದು ಹೊಡೆತ ಬಿಟ್ಟುಕೊಡಬೇಕು. ಯಾವ ೧೨ ಎಂಬುದು ಅಂಕಪಟ್ಟಿಯಲ್ಲಿಯೇ ಮೊದಲು ಅಚ್ಚಾಗಿರುತ್ತದೆ, ವಾದಕ್ಕೆ ಎಡೆಯಿಲ್ಲ.

೧೮೭೬ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಷ್ಟು ಹಳೆಯದಲ್ಲ ಈ ಲೆಕ್ಕ. ದೇಶಕ್ಕೊಂದು ಪದ್ಧತಿಯಿದ್ದುದು ಹೋಗಿ, ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಬಂದುದು ೨೦೨೦ರಲ್ಲಿ.

ಕಳ್ಳಾಟವೂ ಉಂಟು. ಬೇಕೆಂದೇ ಕೆಟ್ಟದಾಗಿ ಆಡಿ ರಿಯಾಯಿತಿಯನ್ನು ಹೆಚ್ಚಿಸಿಕೊಂಡು, ಪಂದ್ಯದ ದಿನ ಬಹುಮಾನ ಹೊಡೆಯುವವರಿದ್ದಾರೆ. ಅದಕ್ಕಾಗಿಯೇ ಒಂದು ಕುಳಿಯಲ್ಲಿ ಎಷ್ಟು ಹೊಡೆದರೂ ಪಾರ್‌ಗಿಂತ ಎರಡು, ಅಲ್ಲಿ ಸಲ್ಲುವ ರಿಯಾಯಿತಿಯಿದ್ದರೆ ಅದೂ ಸೇರಿ, ಇಷ್ಟನ್ನು ಮೀರಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಳ್ಳೆಯ ೮ ಆಟಗಳನ್ನೇ ಆಯುವುದರಿಂದಲೂ ಇಂತಹವರ ಕೈ ಕಟ್ಟಿದಂತಾಗುತ್ತದೆ. ಆದರೂ ಆಡಿದ ಆಟದ ಲೆಕ್ಕವನ್ನು ಸುಳ್ಳಿಲ್ಲದೆ ಒಪ್ಪಿಸಬೇಕಾದವನು ಆಟಗಾರನೇ. ಹೊಸಬನು ೫೪ ಕುಳಿಗಳ ಲೆಕ್ಕವನ್ನು ಒಪ್ಪಿಸಿದರೆ ಅವನಿಗೆ ಮೊದಲ ಇಂಡೆಕ್ಸ್ ದೊರೆಯುವುದು. ಅದರ ಮೇಲ್ಮಿತಿಯೂ ೫೪ೇ.