ಹಾಲು ಕರೆಯುವ ಯಂತ್ರದ ಗಾಳಿ ಸೋರಿಕೆ: ಮನೆಯಲ್ಲೇ ಪತ್ತೆ ಹಚ್ಚುವ ಕ್ರಮ



“ಯಂತ್ರ ಹಳೆಯದಾಯಿತು, ಮೊದಲಿನ ಹಾಗೆ ಎಳೆಯುವುದಿಲ್ಲ” ಎಂಬ ಮಾತು ಹಾಲು ಕರೆಯುವ ಯಂತ್ರ ಇಟ್ಟುಕೊಂಡಿರುವ ಸದಸ್ಯರಲ್ಲಿ ಸಾಮಾನ್ಯ. ಐದಾರು ನಿಮಿಷದಲ್ಲಿ ಮುಗಿಯುತ್ತಿದ್ದ ಹಸುವಿಗೆ ಹತ್ತು ನಿಮಿಷ ಹಿಡಿಯುತ್ತದೆ. ಕಪ್ಪುಗಳು ಮೊಲೆತೊಟ್ಟಿನಿಂದ ಜಾರುತ್ತವೆ. ಕರೆದ ಮೇಲೂ ಕೆಚ್ಚಲಿನಲ್ಲಿ ಹಾಲು ಉಳಿಯುತ್ತದೆ. ಆಗ ಕೆಲವರು ಪಂಪನ್ನೇ ಬದಲಿಸಲು ಹೊರಡುತ್ತಾರೆ. ಇನ್ನು ಕೆಲವರು ನಿಯಂತ್ರಕದ ತಿರುಪನ್ನು ಬಿಗಿ ಮಾಡಿ ಮಾಪಕದ ಮುಳ್ಳನ್ನು ಮೇಲೇರಿಸುತ್ತಾರೆ. ಮೊದಲನೆಯದು ಅನಗತ್ಯ ಖರ್ಚು, ಎರಡನೆಯದು ರಾಸಿಗೆ ಅಪಾಯ. ಬಹಳ ಸಲ ದೋಷ ಇರುವುದು ಒಂದು ರಬ್ಬರ್ ರಿಂಗಿನಲ್ಲಿ ಅಥವಾ ಬಿರುಕು ಬಿಟ್ಟ ಕೊಳವೆಯಲ್ಲಿ. ಅದನ್ನು ನೀವೇ ಹುಡುಕಬಹುದು.

ಯಂತ್ರ ಕೆಲಸ ಮಾಡುವ ಬಗೆ

ಪಂಪು ಕೊಳವೆಗಳೊಳಗಿನ ಗಾಳಿಯನ್ನು ಹೊರಗೆಳೆದು ಭಾಗಶಃ ನಿರ್ವಾತ ಉಂಟುಮಾಡುತ್ತದೆ. ಈ ಎಳೆತಕ್ಕೆ ತೊಟ್ಟಿನ ರಂಧ್ರ ತೆರೆದು ಹಾಲು ಹರಿಯುತ್ತದೆ. ಎಳೆತ ಸದಾ ಇದ್ದರೆ ತೊಟ್ಟಿಗೆ ರಕ್ತ ಕಟ್ಟಿ ಊದಿಕೊಳ್ಳುತ್ತದೆ. ಆದ್ದರಿಂದ ಪಲ್ಸೇಟರ್ ಎಂಬ ಭಾಗವು ಉಕ್ಕಿನ ಕಪ್ಪಿಗೂ ಅದರೊಳಗಿನ ರಬ್ಬರ್ ಲೈನರಿಗೂ ನಡುವೆ ಆಗಾಗ ಗಾಳಿ ಬಿಟ್ಟು, ಲೈನರ್ ಮುಚ್ಚಿಕೊಂಡು ತೊಟ್ಟನ್ನು ನೀವುವಂತೆ ಮಾಡುತ್ತದೆ. ಹಸುವಿಗೆ ಸಾಮಾನ್ಯವಾಗಿ ನಿಮಿಷಕ್ಕೆ 60 ಮಿಡಿತ.

ಬಕೆಟ್ ಮಾದರಿಯ ಯಂತ್ರದಲ್ಲಿ ಹಸುಗಳಿಗೆ ನಿರ್ವಾತ ಸುಮಾರು 42ರಿಂದ 48 ಕಿಲೋಪಾಸ್ಕಲ್, ಅಂದರೆ ಪಾದರಸದ 315ರಿಂದ 360 ಮಿಲಿಮೀಟರ್ ಇರುತ್ತದೆ. ಎಮ್ಮೆಗೆ ಇದಕ್ಕಿಂತ ಹೆಚ್ಚು ಬೇಕಾಗಬಹುದು. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಹೇಳಿರುವ ಅಂಕಿಯನ್ನೇ ಪಾಲಿಸಿರಿ.

ಸೋರಿಕೆಯಿಂದ ಕೆಚ್ಚಲಿಗೆ ಏನು ಹಾನಿ?

ಕಪ್ಪಿನ ಬಾಯಿಯಿಂದ ಗಾಳಿ ಒಮ್ಮೆಲೇ ಒಳನುಗ್ಗಿದಾಗ “ಚೀಂ” ಎಂಬ ಸದ್ದು ಕೇಳುತ್ತದೆ. ಆ ಗಾಳಿಯ ರಭಸಕ್ಕೆ ಕ್ಲಾದಲ್ಲಿರುವ ಹಾಲಿನ ಹನಿಗಳು ಹಿಮ್ಮುಖವಾಗಿ ಚಿಮ್ಮಿ ಬೇರೆ ತೊಟ್ಟುಗಳ ತುದಿಗೆ ಬಡಿಯುತ್ತವೆ. ಒಂದು ತೊಟ್ಟಿನಲ್ಲಿ ರೋಗಾಣು ಇದ್ದರೆ ಉಳಿದ ಮೂರಕ್ಕೂ ತಲುಪಲು ಇಷ್ಟು ಸಾಕು. ಕೆಚ್ಚಲು ಬಾವಿಗೆ ಇದೊಂದು ಮುಖ್ಯ ದಾರಿ. ಸೋರಿಕೆ ಹಾಗೆಯೇ ಇರಲು ಬಿಟ್ಟು ತಿರುಪು ಬಿಗಿ ಮಾಡಿದರೆ, ಸೋರಿಕೆ ನಿಂತ ಕ್ಷಣದಲ್ಲಿ ಎಳೆತ ಮಿತಿಮೀರಿ ತೊಟ್ಟಿನ ತುದಿ ಗಡುಸಾಗುತ್ತದೆ, ಒಡೆಯುತ್ತದೆ.

ಇವು ಸೋರಿಕೆಯಲ್ಲ

ಹುಡುಕುವ ಮೊದಲು ಒಂದು ವಿಷಯ ತಿಳಿದಿರಲಿ. ಯಂತ್ರದಲ್ಲಿ ಮೂರು ಕಡೆ ಗಾಳಿ ಒಳಬರಲೇಬೇಕು.

1. ನಿಯಂತ್ರಕ: ಪಂಪು ಅಗತ್ಯಕ್ಕಿಂತ ಹೆಚ್ಚು ಎಳೆಯುತ್ತದೆ. ಆ ಹೆಚ್ಚಳವನ್ನು ಸರಿದೂಗಿಸಲು ನಿಯಂತ್ರಕ ಗಾಳಿ ಬಿಟ್ಟುಕೊಳ್ಳುತ್ತದೆ.
2. ಪಲ್ಸೇಟರ್: ಪ್ರತಿ ಮಿಡಿತಕ್ಕೂ ಗಾಳಿ ಒಳಗೆ ಬರುತ್ತದೆ.
3. ಕ್ಲಾದ ಸೂಕ್ಷ್ಮ ರಂಧ್ರ: ಇಲ್ಲಿಂದ ಬರುವ ಗಾಳಿ ಹಾಲನ್ನು ಬಕೆಟ್ಟಿಗೆ ಮುಂದೂಡುತ್ತದೆ. ಕೆಲವು ಯಂತ್ರಗಳಲ್ಲಿ ಈ ರಂಧ್ರ ಲೈನರಿನಲ್ಲಿರುತ್ತದೆ. ಇದನ್ನು ಸೋರಿಕೆಯೆಂದು ತಿಳಿದು ಮೇಣ ಅಥವಾ ಅಂಟು ಹಾಕಿ ಮುಚ್ಚಬೇಡಿ. ಮುಚ್ಚಿದರೆ ಕ್ಲಾದಲ್ಲಿ ಹಾಲು ತುಂಬಿ ತೊಟ್ಟು ಹಾಲಿನಲ್ಲೇ ಮುಳುಗಿರುತ್ತದೆ.

ನಿಯಂತ್ರಕದ “ಸುಯ್” ಎಂಬ ಶಬ್ದವನ್ನು ಚೆನ್ನಾಗಿ ಗುರುತಿಟ್ಟುಕೊಳ್ಳಿ. ಅದೇ ನಿಮ್ಮ ಪಂಪಿನ ಉಳಿತಾಯದ ಲೆಕ್ಕ. ಮುಳ್ಳು ಸರಿಯಾದ ಅಂಕಿಯಲ್ಲಿದ್ದರೂ ಆ ಶಬ್ದ ನಿಂತಿದ್ದರೆ, ಉಳಿತಾಯವನ್ನೆಲ್ಲ ಸೋರಿಕೆ ತಿನ್ನುತ್ತಿದೆ ಎಂದರ್ಥ.

ಪರೀಕ್ಷೆಯ ಹಂತಗಳು

ಇಡೀ ಯಂತ್ರವನ್ನು ಒಟ್ಟಿಗೆ ತಡಕಾಡಿದರೆ ದೋಷ ಸಿಗದು. ಪಂಪಿನಿಂದ ಆರಂಭಿಸಿ ಒಂದೊಂದೇ ಭಾಗ ಸೇರಿಸುತ್ತಾ ಹೋಗಿ. ಕೆಲಸ ಹಾಲು ಕರೆಯುವ ಹೊತ್ತಿನಲ್ಲಿ ಬೇಡ, ಬಿಡುವಿನಲ್ಲಿರಲಿ. ಮೊದಲು, ಮೋಟಾರು ನಿಂತಿರುವಾಗ ಮಾಪಕದ ಮುಳ್ಳು ಸೊನ್ನೆಗೆ ಬಂದಿದೆಯೇ ನೋಡಿ. ಇಲ್ಲವಾದರೆ ಮಾಪಕವೇ ತಪ್ಪು ತೋರಿಸುತ್ತಿದೆ.

ಮೊದಲನೆಯ ಹಂತ: ಪಂಪು ಮತ್ತು ತೊಟ್ಟಿ ಮಾತ್ರ. ಹೊರಗಿನ ಕೊಳವೆಗೆ ಹೋಗುವ ನಲ್ಲಿ ಮುಚ್ಚಿ ಮೋಟಾರು ಚಾಲೂ ಮಾಡಿ. ಮುಳ್ಳು ಬೇಗನೆ ನಿಗದಿತ ಅಂಕಿಗೆ ಏರಿ ನಿಯಂತ್ರಕ ಸುಯ್ಯೆನ್ನಬೇಕು. ಹೀಗಾಗದಿದ್ದರೆ ಪಂಪಿನ ಎಣ್ಣೆ, ಬೆಲ್ಟಿನ ಸಡಿಲ, ತೊಟ್ಟಿಯ ತಳದಲ್ಲಿ ನೀರು ಬಿಡುವ ರಬ್ಬರ್ ಮುಚ್ಚಳ, ಇವನ್ನು ನೋಡಿ. ಇವೆಲ್ಲ ಸರಿಯಿದ್ದರೆ ಮಾತ್ರ ಪಂಪಿನ ಮೇಲೆ ಅನುಮಾನಪಟ್ಟು ಮೆಕ್ಯಾನಿಕ್ಕಿಗೆ ತೋರಿಸಿ.

ಎರಡನೆಯ ಹಂತ: ಕೊಳವೆ ಸೇರಿಸಿ. ಕೊಟ್ಟಿಗೆಯ ಉದ್ದಕ್ಕೂ ಪೈಪು ಇದ್ದವರು ಎಲ್ಲ ನಲ್ಲಿಗಳನ್ನು ಮುಚ್ಚಿ ಪೈಪಿಗೆ ದಾರಿ ಬಿಡಿ. ತಳ್ಳುಗಾಡಿಯ ಯಂತ್ರವಾದರೆ ರಬ್ಬರ್ ಕೊಳವೆಯ ತುದಿಗೆ ಬಿರಡೆ ಹಾಕಿ. ಮುಳ್ಳು ಇಳಿದರೆ ಅಥವಾ ನಿಯಂತ್ರಕದ ಸದ್ದು ಕುಗ್ಗಿದರೆ ದೋಷ ಈ ಭಾಗದಲ್ಲಿದೆ.

ಮೂರನೆಯ ಹಂತ: ಬಕೆಟ್, ಮುಚ್ಚಳ ಮತ್ತು ಪಲ್ಸೇಟರ್ ಸೇರಿಸಿ. ಕ್ಲಾದ ಕವಾಟ ಮುಚ್ಚಿರಲಿ. ಪಲ್ಸೇಟರ್ ಮಿಡಿತಕ್ಕೆ ಮುಳ್ಳು ತುಸು ಅಲುಗಿದರೆ ಚಿಂತೆಯಿಲ್ಲ, ಕೆಳಗಿಳಿದು ನಿಂತರೆ ದೋಷ. ಇಲ್ಲಿ ಮುಖ್ಯ ಅಪರಾಧಿ ಮುಚ್ಚಳದ ರಬ್ಬರ್ ರಿಂಗು. ಒಣಗಿದ ಹಾಲಿನ ಪೊರೆ ಕೂತರೆ ಅಥವಾ ಬಕೆಟ್ಟಿನ ಅಂಚು ನೆಗ್ಗಿದ್ದರೆ ಅದು ಸರಿಯಾಗಿ ಕೂರದು.

ನಾಲ್ಕನೆಯ ಹಂತ: ನಾಲ್ಕೂ ಕಪ್ಪುಗಳಿಗೆ ಶುದ್ಧವಾದ ಬಿರಡೆ ಹಾಕಿ ಕ್ಲಾದ ಕವಾಟ ತೆರೆಯಿರಿ. ಈಗ ಮುಳ್ಳು ಇಳಿದರೆ ಲೈನರ್, ಕ್ಲಾ ಅಥವಾ ಸಣ್ಣ ಕೊಳವೆಗಳನ್ನು ಪರೀಕ್ಷಿಸಿ. ಲೈನರಿನ ಕೆಳಬಾಲ ಕ್ಲಾದ ಮೂತಿಗೆ ಸೇರುವ ಜಾಗದಲ್ಲಿ ಹರಿಯುವುದು ಹೆಚ್ಚು. ಮಿಡಿತದ ಕೊಳವೆಯಲ್ಲಿ ಹಾಲಿನ ಹನಿ ಕಂಡರೆ ಲೈನರ್ ಒಳಗೇ ಸೀಳಿರುವ ಸಾಧ್ಯತೆ ಹೆಚ್ಚು. ಆ ಹಾಲು ಪಲ್ಸೇಟರ್ ಸೇರಿ ಅದನ್ನೂ ಕೆಡಿಸುತ್ತದೆ.

ಸೋರುವ ಜಾಗ ಗುರುತಿಸುವುದು

ಭಾಗ ತಿಳಿದ ಮೇಲೆ ಜಾಗ ಹುಡುಕುವುದು ಸುಲಭ. ಒಂದು ಮೊಳ ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಜೋಡಣೆಗಳ ಸುತ್ತ ಆಡಿಸಿ. ಸೋರಿಕೆಯ ಬಳಿ ಸದ್ದು ಜೋರಾಗುತ್ತದೆ.

ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವಂತೆ ಸಾಬೂನು ನೀರು ಹಚ್ಚಿ ಗುಳ್ಳೆಗಾಗಿ ಕಾಯಬೇಡಿ. ಟ್ಯೂಬಿನಲ್ಲಿ ಗಾಳಿ ಹೊರಗೆ ಬರುತ್ತದೆ, ಇಲ್ಲಿ ಒಳಗೆ ಹೋಗುತ್ತದೆ. ಆದರೂ ಸಾಬೂನಿನ ನೊರೆ ಉಪಯುಕ್ತವೇ. ಬಿರುಕಿನ ಮೇಲೆ ಹಚ್ಚಿದ ನೊರೆ ಒಳಗೆ ಎಳೆದುಕೊಳ್ಳುತ್ತದೆ, ಸದ್ದು ಕ್ಷಣಕಾಲ ನಿಲ್ಲುತ್ತದೆ. ಪರೀಕ್ಷೆ ಮುಗಿದ ಮೇಲೆ ಹಾಲು ಹರಿಯುವ ಭಾಗಗಳನ್ನು ಚೆನ್ನಾಗಿ ತೊಳೆಯಿರಿ. ವಿದ್ಯುತ್ ಭಾಗಗಳ ಹತ್ತಿರ ನೀರು ತರಬೇಡಿ. ಬೆಲ್ಟ್ ಮುಟ್ಟುವ ಮೊದಲು ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ.

ಸರಿಪಡಿಸುವುದು

ಕೊಳವೆಯ ತುದಿ ಮಾತ್ರ ಸಡಿಲವಾಗಿದ್ದರೆ ಒಂದಂಗುಲ ಕತ್ತರಿಸಿ ಮತ್ತೆ ಸೇರಿಸಿ. ನಡುವೆ ಬಿರುಕಿದ್ದರೆ ಕೊಳವೆ ಬದಲಿಸಿ. ಟೇಪು ಸುತ್ತಿದರೆ ಅದರಡಿಯಲ್ಲಿ ಹಾಲು ಸೇರಿ ರೋಗಾಣು ಬೆಳೆಯುತ್ತದೆ. ರಬ್ಬರಿಗೆ ಗ್ರೀಸು, ಎಣ್ಣೆ ಹಚ್ಚಬೇಡಿ, ಅದು ಉಬ್ಬಿ ಮೆತ್ತಗಾಗುತ್ತದೆ.

ರಬ್ಬರ್ ಲೈನರಿನ ಆಯುಸ್ಸು ಸುಮಾರು 2,500 ಕರೆತ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಒಂದೇ ಜೋಡಣೆಯಿಂದ ಹತ್ತು ಹಸುಗಳನ್ನು ಎರಡು ಹೊತ್ತು ಕರೆದರೆ ದಿನಕ್ಕೆ 20 ಕರೆತ, ಅಂದರೆ 125 ದಿನಕ್ಕೇ ಮುಗಿಯಿತು. ನಾಲ್ಕು ಹಸುಗಳಿದ್ದರೆ 2,500 ಆಗಲು 312 ದಿನ ಬೇಕು, ಆದರೆ ಆರು ತಿಂಗಳಿಗೇ ಬದಲಿಸಬೇಕು. ನಾಲ್ಕನ್ನೂ ಒಟ್ಟಿಗೆ ಬದಲಿಸಿ, ದಿನಾಂಕವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ.

ನೆನಪಿಡಿ

• ಪ್ರತಿದಿನ ಕರೆಯುವ ಮೊದಲು ಮುಳ್ಳು ನೋಡಿ, ನಿಯಂತ್ರಕದ ಸದ್ದು ಕೇಳಿ.
• ಉಳಿದ ಕಪ್ಪುಗಳಿಗೆ ಬಿರಡೆ ಹಾಕಿ, ಒಂದರೊಳಗೆ ಹೆಬ್ಬೆರಳಿಟ್ಟು ಮಿಡಿತ ಎಣಿಸಿ. ಹಿಡಿತ ಬಿಡಿತ ಸ್ಪಷ್ಟವಾಗಿರಬೇಕು.
• ಕರೆಯುತ್ತಿರುವಾಗ ಎಳೆತ ಕುಸಿದರೆ ಕಪ್ಪು ತೆಗೆದು ಉಳಿದ ಹಾಲನ್ನು ಕೈಯಲ್ಲೇ ಕರೆಯಿರಿ.
• ಸೋರಿಕೆ ಸರಿಪಡಿಸಿದ ಮೇಲೆ, ಹಿಂದೆ ತಿರುಪು ಬಿಗಿ ಮಾಡಿದ್ದರೆ ನಿಗದಿತ ಅಂಕಿಗೆ ಇಳಿಸಿ.
• ಹಾಲಿನಲ್ಲಿ ಗರಣೆ, ನೀರಿನಂತಹ ಬಣ್ಣ, ಕೆಚ್ಚಲಲ್ಲಿ ಬಿಸಿ ಅಥವಾ ಗಡಸುತನ ಕಂಡರೆ ಆ ರಾಸಿಗೆ ಯಂತ್ರ ಹಾಕದೆ, ತಡಮಾಡದೆ ಪಶುವೈದ್ಯರಿಗೆ ತೋರಿಸಿ.

ಯಂತ್ರ ನಮ್ಮ ಕೈನೋವು ತಪ್ಪಿಸಲು ಬಂದದ್ದು. ಅದರಿಂದ ರಾಸಿಗೆ ಕೆಚ್ಚಲು ನೋವಾಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ತಿಂಗಳಿಗೊಮ್ಮೆ ಅರ್ಧ ಗಂಟೆ ಈ ಪರೀಕ್ಷೆಗೆ ಮೀಸಲಿಡಿ.