ಮತ, ಮತದಾರ, ಮತದಾನ

ಓಟು ಎಂಬುದಕ್ಕೆ ನಾವು ಬಳಸುವ ‘ಮತ’ವು ಮೂರು ಹೊರೆಗಳನ್ನು ಹೊತ್ತಿರುವ ಶಬ್ದ. ಧರ್ಮವೂ ಮತವೇ, ಅಭಿಪ್ರಾಯವೂ ಮತವೇ, ಚುನಾವಣೆಯಲ್ಲಿ ಕೊಡುವುದೂ ಮತವೇ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ಹುಡುಗನೊಬ್ಬನು ಪತ್ರಿಕೆಯಿಂದ ‘ಅಲ್ಪ ಮತಾಂತರದ ಗೆಲುವು’ ಎಂದು ಓದಲು, ಪಕ್ಕದ ವೃದ್ಧರು, “ಗೆದ್ದವರು ಯಾವ ಮತಕ್ಕೆ ಸೇರಿದರಪ್ಪಾ?” ಎಂದು ಕೇಳಿದರು. ನಾವು ನಕ್ಕೆವು, ಆದರೆ ತಪ್ಪು ವೃದ್ಧರದಲ್ಲ. ‘ಮತಗಳ ಅಂತರ’ವೆಂದು ಬಿಡಿಸಿ ಬರೆಯತಕ್ಕದ್ದಾಗಿತ್ತು.

ಇದಕ್ಕಿಂತಲೂ ಗೂಢವಾದ ತೊಡಕು ಮತದಾನ, ಮತದಾರ ಎಂಬ ಪದಗಳಲ್ಲಿದೆ. ಮೊದಲನೆಯದರಲ್ಲಿರುವ ‘ದಾನ’ವು ಸಂಸ್ಕೃತದ್ದು; ಕೊಡುವುದೆಂದರ್ಥ. ಎರಡನೆಯದರಲ್ಲಿರುವ ‘ದಾರ’ವಾದರೋ ಹಕ್ಕುದಾರ, ಜಮೀನುದಾರ ಎಂಬಲ್ಲಿರುವಂತೆ ಪಾರಸಿಯಿಂದ ಬಂದುದು, ಉಳ್ಳವನೆಂದರ್ಥ. ಆದುದರಿಂದ ಪಟ್ಟಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬನೂ ಮತದಾರನೇ; ಅವನು ಮತವನ್ನು ಕೊಟ್ಟನೋ ಇಲ್ಲವೋ ಎಂಬುದು ಬೇರೆ ಮಾತು.

ಈ ಭೇದದ ಬೆಲೆಯನ್ನು ಚಾಮರಾಜನಗರ ಜಿಲ್ಲೆಯವರು ಕಣ್ಣಾರೆ ಕಂಡಿದ್ದಾರೆ. 2004 ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದ ಉಮೇದುವಾರರಲ್ಲಿ (ಈಗಿನವರು ಅಭ್ಯರ್ಥಿಗಳೆನ್ನುವರು, ಒಂದರಲ್ಲಿ ಆಸೆಯಿದೆ, ಇನ್ನೊಂದರಲ್ಲಿ ಬೇಡಿಕೆಯಿದೆ) ಕಾಂಗ್ರೆಸ್ಸಿನ ಶ್ರೀ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಜನತಾದಳದ ಶ್ರೀ ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ಬಂದವು. ಅಂತರ ಒಂದೇ ಒಂದು. ಸೋತವರ ವಾಹನದ ಚಾಲಕರಿಗೇ ಅಂದು ಮತ ಹಾಕಲು ಬಿಡುವಾಗಲಿಲ್ಲವೆಂಬ ಸಂಗತಿಯು ಪತ್ರಿಕೆಗಳಲ್ಲಿ ಬಂದಿತು. ಮತದಾರರಿದ್ದರು, ಮತದಾನವಾಗಲಿಲ್ಲ.

ಆ ಒಂದು ಮತ ಬಿದ್ದಿದ್ದರೆ ಅವರೇ ಗೆಲ್ಲುತ್ತಿದ್ದರೆಂದು ಅನೇಕರು ಹೇಳುವುದುಂಟು. ಅದೂ ಸರಿಯಲ್ಲ. ಆಗ ಇಬ್ಬರಿಗೂ 40,752 ಆಗಿ ಸಮಮತವಾಗುತ್ತಿತ್ತು. ಕಾನೂನಿನ ಪ್ರಕಾರ ಚುನಾವಣಾಧಿಕಾರಿಯು ಚೀಟಿ ಎತ್ತಿ ತೀರ್ಮಾನಿಸಬೇಕಾಗುತ್ತಿತ್ತು. ಸಂತೇಮರಹಳ್ಳಿ ಕ್ಷೇತ್ರವು 2008 ರ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು. ಕಥೆ ಮಾತ್ರ ಉಳಿದಿದೆ.

‘ಮರು’ ಎಂಬುದು ಸೇರಿದ ಪದಗಳನ್ನೂ ಜನರು ಒಂದರೊಳಗೊಂದು ಬೆರೆಸುವರು. ಬಿದ್ದ ಮತಗಳನ್ನೇ ಪುನಃ ಲೆಕ್ಕ ಮಾಡುವುದು ಮರು ಎಣಿಕೆ. ಅದಕ್ಕೆ ಕಾರಣ ತೋರಿಸಿ ಬರೆವಣಿಗೆಯಲ್ಲಿ ಕೇಳಬೇಕು, ಒಪ್ಪುವುದು ಬಿಡುವುದು ಅಧಿಕಾರಿಗೆ ಸೇರಿದ್ದು. ಹಳೆಯ ಮತಗಳನ್ನು ಬಿಟ್ಟು ಆ ಮತಗಟ್ಟೆಯಲ್ಲಿ ಹೊಸದಾಗಿ ಮತ ಪಡೆಯುವುದು ಮರುಮತದಾನ. ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ 2024 ರ ಏಪ್ರಿಲ್ 26 ರಂದು, ಮೂಲಸೌಕರ್ಯಗಳಿಲ್ಲವೆಂದು ಬಹಿಷ್ಕಾರ ಹೂಡಿದ್ದ ಊರಿನಲ್ಲಿ ಗಲಭೆಯಾಗಿ ಮತಯಂತ್ರವು ನಾಶವಾಗಲು, 29 ರಂದು ನಡೆದುದು ಇದೇ. ಗುಂಡ್ಲುಪೇಟೆಯಲ್ಲಿ 2017 ರ ಏಪ್ರಿಲಿನಲ್ಲಿ ನಡೆದುದಾದರೋ ಇವೆರಡೂ ಅಲ್ಲ. ಸಚಿವರಾಗಿದ್ದ ಶ್ರೀ ಎಚ್. ಎಸ್. ಮಹದೇವಪ್ರಸಾದ್ ಅವರು ತೀರಿಕೊಂಡು ಸ್ಥಾನವು ತೆರವಾದುದರಿಂದ ನಡೆದ ಅದು ಉಪಚುನಾವಣೆ. ಅವರ ಪತ್ನಿ ಶ್ರೀಮತಿ ಗೀತಾ ಅವರು ಗೆದ್ದರು.

ಇನ್ನೊಂದು ಮಾತು ಮನೆಯವರೆಲ್ಲರಿಗೂ ಬೇಕಾದುದು. ಗುರುತಿನ ಚೀಟಿ ಬೇರೆ, ಮತದಾರರ ಪಟ್ಟಿ ಬೇರೆ. ಚೀಟಿಯು ಪೆಟ್ಟಿಗೆಯಲ್ಲಿ ಭದ್ರವಾಗಿದೆಯೆಂದು ನಂಬಿ ಮತಗಟ್ಟೆಗೆ ಹೋಗಿ, ಪಟ್ಟಿಯಲ್ಲಿ ಹೆಸರಿಲ್ಲದೆ ಹಿಂದಿರುಗಿದ ಗೃಹಿಣಿಯರನ್ನು ನಾವು ಕಂಡಿದ್ದೇವೆ. ಮದುವೆಯಾಗಿ ಊರು ಬಿಟ್ಟ ಹೆಣ್ಣುಮಕ್ಕಳ ಹೆಸರು ತವರಿನ ಪಟ್ಟಿಯಲ್ಲಿದೆಯೋ ಗಂಡನ ಮನೆಯ ಪಟ್ಟಿಯಲ್ಲಿದೆಯೋ ಎಂಬುದನ್ನು ಚುನಾವಣೆಗೆ ಮೊದಲೇ ನೋಡಿಕೊಳ್ಳತಕ್ಕದ್ದು.